ಗ್ಯಾಸ್ ತುಂಬಿಸುವ ಮುನ್ನ ಥರ್ಮಾಮೀಟರ್ ಹಿಡಿಯಿರಿ

ಏಪ್ರಿಲ್‌ನಲ್ಲಿ ಎಸಿ ಕೈಕೊಟ್ಟ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ತೀರ್ಪು ಒಂದೇ: ‘ಗ್ಯಾಸ್ ಖಾಲಿ ಆಗಿದೆ ಸಾರ್, ತುಂಬಿಸಬೇಕು.’ ಸೆಕೆಯಲ್ಲಿ ಬೆಂದ ಮನೆಯವರು ಮರುಮಾತಾಡದೆ ಹೂಂ ಅನ್ನುತ್ತಾರೆ. ಆದರೆ ಎಸಿಯೊಳಗಿನ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಅಡುಗೆಮನೆಯ ಸಿಲಿಂಡರಿನದೂ ಅಲ್ಲ. ತಂಪು ಮಾಡುವಾಗ ಅದು ಉರಿದು ಮುಗಿಯುವುದೇ ಇಲ್ಲ. ಮುಚ್ಚಿದ ತಾಮ್ರದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ದ್ರವವಾಗುತ್ತ, ಆವಿಯಾಗುತ್ತ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ. ಸೋರಿಕೆ ಮುಚ್ಚದೆ ತುಂಬಿಸಿದ್ದು ಮತ್ತೆ ಸೋರಿಹೋಗುತ್ತದೆ. ಇನ್ನೊಂದು ಮಾತೂ ಇದೆ. ತಂಪು ಸಾಲದು ಎಂಬ ಒಂದೇ ದೂರಿಗೆ ಕೊಳೆ ತುಂಬಿದ ಫಿಲ್ಟರ್, ಧೂಳು ಹಿಡಿದ ಹೊರಗಿನ ಕಾಯಿಲ್, ಸೊರಗಿದ ಕೆಪಾಸಿಟರ್, ಕಡಿಮೆ ವೋಲ್ಟೇಜ್, ಕೊನೆಗೆ ಕೋಣೆಯೇ ಕಾರಣವಾಗಿರಬಹುದು. ಇವನ್ನು ಬೇರೆ ಬೇರೆಯಾಗಿ ಗುರುತಿಸಲು ಒಂದು ಮಧ್ಯಾಹ್ನ, ಒಂದು ಥರ್ಮಾಮೀಟರ್ ಮತ್ತು ಮನೆಯ ಕರೆಂಟ್ ಮೀಟರ್ ಬಹುಮಟ್ಟಿಗೆ ಸಾಕು. ಆ ಮಧ್ಯಾಹ್ನ ಶಿವರಾತ್ರಿಯ ಆಸುಪಾಸಿನದಾಗಿರಬೇಕು, ಮೆಕ್ಯಾನಿಕ್‌ಗಳ ಫೋನು ಸದಾ ಬಿಜಿ ಇರುವ ಏಪ್ರಿಲ್‌ನದಲ್ಲ.

ಚಳಿ ಪೂರ್ತಿ ಹೋಗುವ ಮೊದಲೇ ಪರೀಕ್ಷಿಸಿದರೆ ಯಾವ ಎಸಿಯಾದರೂ ಪಾಸಾಗುವುದಿಲ್ಲವೇ ಎಂದು ಕೇಳಬಹುದು. ಅಂಗೈ ಒಡ್ಡಿ ನೋಡುವುದೇ ಪರೀಕ್ಷೆ ಎಂದುಕೊಂಡರೆ ಈ ಆಕ್ಷೇಪ ಸರಿ. ಕೋಣೆಯ ಎಸಿಗಳ ಸಾಮರ್ಥ್ಯ ಅಳೆಯುವಾಗ ಹೊರಗಿನ ತಾಪಮಾನ 35 ಡಿಗ್ರಿ, ಒಳಗೆ 27 ಡಿಗ್ರಿ ಎಂದು ಹಿಡಿಯುತ್ತಾರೆ. ಹೊರಗಿನ ಬಿಸಿ ಏರಿದಷ್ಟೂ ಒಳಗಿನ ಶಾಖವನ್ನು ಹೊರಹಾಕುವುದು ಕಷ್ಟವಾಗಿ, ಕಂಪ್ರೆಸರ್ ಹೆಚ್ಚು ಕರೆಂಟ್ ತಿಂದು ಕಡಿಮೆ ತಂಪು ಕೊಡುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಚೆನ್ನಾಗಿರುವ ಯಂತ್ರವೇ ಏದುಸಿರು ಬಿಡುವಾಗ, ಅರ್ಧ ರೋಗಿಷ್ಟ ಯಂತ್ರದ ಗತಿ ಹೇಳಬೇಕಿಲ್ಲ. ಬೆಂಗಳೂರಿನವರು ತಮಗಿದು ಸಂಬಂಧವಿಲ್ಲ ಅನ್ನುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಅಲ್ಲಿ ಪಾದರಸ 39.2 ಡಿಗ್ರಿ ಮುಟ್ಟಿತ್ತು. ಫೆಬ್ರುವರಿಯಲ್ಲಿ ಆ ಅರ್ಧ ರೋಗಿಷ್ಟ ಯಂತ್ರವೂ ಕೈಗೆ ತಣ್ಣಗೇ ತಾಗುತ್ತದೆ. ಕೈ ಸುಳ್ಳು ಹೇಳುತ್ತದೆ, ಅಂಕಿ ಅಷ್ಟು ಸುಲಭವಾಗಿ ಹೇಳುವುದಿಲ್ಲ. ಅದಕ್ಕೇ ಮಧ್ಯಾಹ್ನ ಎರಡು-ಮೂರು ಗಂಟೆಯ ಹೊತ್ತಿಗೆ, ಕೋಣೆ ಕಾದಿರುವಾಗಲೇ ಅಳೆಯಬೇಕು.

ಅಳೆಯುವ ಮುನ್ನ ಶುಚಿ. ಮೇನ್ ಆಫ್ ಮಾಡಿ, ಒಳಗಿನ ಯೂನಿಟ್‌ನ ಮುಚ್ಚಳ ಎತ್ತಿ ಜಾಲರಿ ಫಿಲ್ಟರ್ ಹೊರತೆಗೆದು ನಲ್ಲಿಯಡಿ ತೊಳೆದು ನೆರಳಲ್ಲಿ ಒಣಗಿಸಿ. ಕೊಳೆ ಫಿಲ್ಟರ್ ಇಟ್ಟುಕೊಂಡು ಅಳೆದ ಯಾವ ಅಂಕಿಗೂ ಬೆಲೆಯಿಲ್ಲ. ಆಮೇಲೆ ಹೊರಗಿನ ಯೂನಿಟ್‌ನ ಬಳಿ ಹೋಗಿ. ಬಯಲುಸೀಮೆಯಲ್ಲಿ ಧೂಳು, ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಪಾರಿವಾಳದ ಗೂಡು, ಮಂಗಳೂರು-ಕಾರವಾರದ ಕಡೆ ಅಲ್ಯುಮಿನಿಯಂ ಹಾಳೆಗಳನ್ನು ಪುಡಿಪುಡಿ ಮಾಡುವ ಉಪ್ಪುಗಾಳಿ, ಹೀಗೆ ಊರಿಗೊಂದು ಶತ್ರು. ಯೂನಿಟ್ ಹಿಂದೆ ಗಾಳಿ ಎಳೆದು ಮುಂದಕ್ಕೆ ಬಿಸಿಗಾಳಿ ಉಗುಳುತ್ತದೆ; ಬಾಲ್ಕನಿಯ ಹಳೇ ಡಬ್ಬ, ಒಣಹಾಕಿದ ಬೆಡ್‌ಶೀಟು ಅಡ್ಡ ಬಂದರೆ ಉಗುಳಿದ್ದನ್ನೇ ಮತ್ತೆ ಕುಡಿಯುತ್ತದೆ. ಕೈಗೆಟುಕುವ ಜಾಗದಲ್ಲಿದ್ದರೆ ಮೇನ್ ಆಫ್ ಮಾಡಿಯೇ ಪೈಪಿನ ಮೆಲುಧಾರೆಯಲ್ಲಿ ಕಾಯಿಲ್ ತೊಳೆಯಬಹುದು. ಕಾರು ತೊಳೆಯುವ ಜೋರುಧಾರೆ ಬೇಡ, ತೆಳು ಹಾಳೆಗಳು ಮಡಚಿಹೋಗುತ್ತವೆ. ಮೂರನೇ ಮಹಡಿಯ ಗೋಡೆಗೆ ತೂಗುಹಾಕಿದ ಯೂನಿಟ್‌ಗೆ ಕಿಟಕಿಯಿಂದ ಬಾಗಿ ಕೈಹಾಕುವ ಸಾಹಸ ಯಾರೂ ಮಾಡಬಾರದು. ಪ್ಲಗ್ಗನ್ನೂ ಒಮ್ಮೆ ಕಿತ್ತು ನೋಡಿ: ಪಿನ್ ಕಂದಿದ್ದರೆ, ಸಾಕೆಟ್‌ನ ಪ್ಲಾಸ್ಟಿಕ್ ಹಳದಿಯಾಗಿದ್ದರೆ ಅಲ್ಲಿ ಸಡಿಲ ಸಂಪರ್ಕವಿದೆ, ಎಸಿ ಹಾಕುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

ಈಗ ಮುಖ್ಯ ಪರೀಕ್ಷೆ. ಅಡುಗೆಗೆ ಬಳಸುವ, ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಸಾಕು. ಕಿಟಕಿ ಬಾಗಿಲು ಮುಚ್ಚಿ, ರಿಮೋಟ್‌ನಲ್ಲಿ ಕೂಲ್ ಮೋಡ್, ಅತಿ ಕಡಿಮೆ ಡಿಗ್ರಿ, ಫ್ಯಾನ್ ಜೋರು ಎಂದಿಟ್ಟು 15-20 ನಿಮಿಷ ಓಡಲು ಬಿಡಿ. ಬಳಿಕ ಎಸಿಯ ತಲೆಯ ಮೇಲೆ, ಗಾಳಿ ಒಳಹೋಗುವಲ್ಲಿ ಒಮ್ಮೆ, ತಂಪುಗಾಳಿ ಹೊರಬರುವ ಬಾಯಲ್ಲಿ ಒಮ್ಮೆ ಅಳೆಯಿರಿ. ಆರೋಗ್ಯವಾಗಿರುವ ಎಸಿಯಲ್ಲಿ ಈ ಎರಡರ ನಡುವೆ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಅಂತರ ಇರುತ್ತದೆ. ಕರಾವಳಿಯವರ ಅಂಕಿ ತುಸು ಕಡಿಮೆ ಬಂದರೆ ಗಾಬರಿ ಬೇಡ. ಗಾಳಿಯ ತೇವವನ್ನು ನೀರಾಗಿ ಇಳಿಸುವುದರಲ್ಲೇ ಯಂತ್ರದ ಶಕ್ತಿಯ ಒಂದು ಪಾಲು ಖರ್ಚಾಗಿರುತ್ತದೆ. ಅಂತರ 5-6ಕ್ಕಿಂತ ಕೆಳಗಿದ್ದರೆ ಮಾತ್ರ ಏನೋ ಕೆಟ್ಟಿದೆ ಎನ್ನಿ. ಅಂತರ ಚೆನ್ನಾಗಿಯೇ ಇದ್ದು ಗಾಳಿಯ ರಭಸ ಮಾತ್ರ ಮಂದವಾಗಿದ್ದರೆ, ಒಳಗಿನ ಕಾಯಿಲ್‌ನಲ್ಲೋ ಉರುಳೆಯಂಥ ಬ್ಲೋವರ್‌ನ ರೆಕ್ಕೆಗಳಲ್ಲೋ ಕೊಳೆ ಕಟ್ಟಿದೆ. ಅಲ್ಲಿ ಬೇಕಿರುವುದು ಗ್ಯಾಸ್ ಅಲ್ಲ, ಸರಿಯಾದ ಒಂದು ಸರ್ವಿಸ್.

ಅಂತರವೂ ಸರಿ, ರಭಸವೂ ಸರಿ, ಆದರೂ ಕೋಣೆ ತಂಪಾಗುತ್ತಿಲ್ಲ ಎನ್ನುವ ಮನೆಗಳು ಬಹಳ. ಅಲ್ಲಿ ತಪ್ಪಿತಸ್ಥ ಎಸಿಯಲ್ಲ. ಮೇಲಂತಸ್ತಿನ ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹನ್ನೊಂದರವರೆಗೂ ಶಾಖ ಇಳಿಸುತ್ತಲೇ ಇರುತ್ತದೆ. ಪಶ್ಚಿಮದ ಗಾಜಿನ ಕಿಟಕಿ, ಬಾಗಿಲಡಿಯ ಸಂದು, ಅಟ್ಯಾಚ್ಡ್ ಬಾತ್‌ರೂಮಿನ ತೆರೆದ ಗವಾಕ್ಷಿ ಅದಕ್ಕೆ ಜೊತೆಯಾಗುತ್ತವೆ. ಒಂದೂವರೆ ಟನ್ನಿನ ಎಸಿ ತನ್ನ ಕೈಲಾದ ಸುಮಾರು 5 ಕಿಲೋವ್ಯಾಟ್ ಶಾಖವನ್ನು ಹೊರಹಾಕುತ್ತಲೇ ಇರುತ್ತದೆ. ಒಳಬರುವ ಶಾಖ ಅದಕ್ಕೆ ಸಮವಾದರೆ ಕೋಣೆಯ ತಾಪ ಇದ್ದಲ್ಲೇ ನಿಲ್ಲುತ್ತದೆ. ತಾರಸಿಗೆ ಬಿಳಿ ಸುಣ್ಣವೋ ಕೂಲ್ ರೂಫ್ ಪೇಂಟೋ ಬಳಿಸಿ, ಕಿಟಕಿಗೆ ಹೊರಗಿನಿಂದ ನೆರಳು ಕೊಟ್ಟರೆ ಆಗುವ ಉಪಕಾರ ಯಾವ ಗ್ಯಾಸಿನಿಂದಲೂ ಆಗದು. ಥರ್ಮಾಮೀಟರ್ ಇಲ್ಲದೆ ಇದನ್ನು ತಿಳಿಯುವ ದಾರಿಯಿಲ್ಲದ ಕಾರಣಕ್ಕೇ ಎಷ್ಟೋ ಜನ ನೆಟ್ಟಗಿರುವ ಯಂತ್ರವನ್ನು ಬಿಚ್ಚಿಸುತ್ತಾರೆ.

ಅಂತರ ನಿಜಕ್ಕೂ ಕಡಿಮೆಯಿದ್ದರೆ ಹೊರಗಿನ ಯೂನಿಟ್‌ಗೆ ಸೇರುವ ಎರಡು ತಾಮ್ರದ ಕೊಳವೆಗಳು ಸುಳಿವು ಕೊಡುತ್ತವೆ. ಸ್ಪ್ಲಿಟ್ ಎಸಿಯಲ್ಲಿ ಗ್ಯಾಸ್ ಸರಿಯಾಗಿದ್ದರೆ ದಪ್ಪ ಕೊಳವೆ ತಣ್ಣಗಾಗಿ ಬೆವರುತ್ತದೆ. ದಪ್ಪದ್ದು ಒಣಗಿದ್ದು, ಸಣ್ಣ ಕೊಳವೆಯ ಬುಡದಲ್ಲಿ ಬಿಳಿ ಹಿಮ ಕಟ್ಟಿದ್ದರೆ ಗ್ಯಾಸ್ ಕೊರತೆಯ ಶಂಕೆ ಬಲವಾಗುತ್ತದೆ. ಬೆಸುಗೆ, ನಟ್ಟುಗಳ ಸುತ್ತ ಎಣ್ಣೆಯ ಜಿಡ್ಡು ಕಂಡರಂತೂ ಅದು ಸೋರಿಕೆಯ ಗುರುತು. ಇನ್ನೊಂದು ಸಾಕ್ಷಿ ಮೀಟರಿನದು. ಮನೆಯಲ್ಲಿ ಉಳಿದದ್ದೆಲ್ಲ, ಫ್ರಿಜ್ ಕೂಡ, ಆರಿಸಿ ಎಸಿ ಮಾತ್ರ ಓಡಿಸಿ; ಮೀಟರಿನ ಕೆಂಪು ದೀಪ ಒಂದು ನಿಮಿಷದಲ್ಲಿ ಎಷ್ಟು ಸಲ ಮಿಣುಕುತ್ತದೆ ಎಣಿಸಿ. ದೀಪದ ಪಕ್ಕ 3200 ಎಂದಿದ್ದರೆ 3200 ಮಿಣುಕಿಗೆ ಒಂದು ಯೂನಿಟ್ ಎಂದು ಲೆಕ್ಕ. ನಿಮಿಷಕ್ಕೆ 80 ಮಿಣುಕು ಬಂದರೆ ಗಂಟೆಗೆ 4800, ಅಂದರೆ ಒಂದೂವರೆ ಯೂನಿಟ್. ಇದನ್ನು ಎಸಿಗೆ ಅಂಟಿಸಿದ ಫಲಕದ ವ್ಯಾಟ್ ಸಂಖ್ಯೆಯ ಜೊತೆ ಹೋಲಿಸಿ. ಹಳೆಯ, ಒಂದೇ ವೇಗದ ಎಸಿಯಲ್ಲಿ ತಂಪೂ ಕಡಿಮೆ, ಕರೆಂಟೂ ಕಡಿಮೆ ಎಂದರೆ ಗ್ಯಾಸಿನ ಕಡೆ ಬೆರಳು. ತಂಪು ಕಡಿಮೆ, ಕರೆಂಟು ಜಾಸ್ತಿ ಎಂದರೆ ಹೊರಗಿನ ಕಾಯಿಲ್‌ನ ಕೊಳೆಯ ಕಡೆ.

ಇನ್ವರ್ಟರ್ ಎಸಿ ರೋಗವನ್ನು ಮುಚ್ಚಿಡುವುದರಲ್ಲಿ ಚತುರ. ಗ್ಯಾಸ್ ತುಸು ಇಳಿದರೂ ಕಂಪ್ರೆಸರ್ ವೇಗ ಹೆಚ್ಚಿಸಿಕೊಂಡು ತಂಪನ್ನು ಸರಿದೂಗಿಸುತ್ತದೆ, ಗುಟ್ಟು ಬಯಲಾಗುವುದು ಬಿಲ್ಲಿನಲ್ಲಿ. ಆದ್ದರಿಂದ ಅದನ್ನು 26 ಡಿಗ್ರಿಗೆ ಇಟ್ಟು ಒಂದು ಗಂಟೆಯ ಬಳಿಕ ಮತ್ತೆ ಮಿಣುಕು ಎಣಿಸಬೇಕು. ಬಿಸಿಲು ಇನ್ನೂ ಏರದ ದಿನ, ಆರೋಗ್ಯವಂತ ಇನ್ವರ್ಟರ್ ಆ ಹೊತ್ತಿಗೆ ನೆಮ್ಮದಿಯಾಗಿ ಕೆಳಗಿಳಿದಿರುತ್ತದೆ. ಇನ್ನೂ ಪೂರ್ತಿ ಜೋರಿನಲ್ಲೇ ಓಡುತ್ತಿದ್ದರೆ ಅದು ಹೆಣಗುತ್ತಿದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ವಿಷಯವಲ್ಲ: ಆ ಗೆರೆ ದಾಟಿದ ತಿಂಗಳು ಹೆಚ್ಚುವರಿಗಷ್ಟೇ ಅಲ್ಲ, ಇಡೀ ಬಿಲ್ಲಿಗೆ ಹಣ ಕಟ್ಟಬೇಕು.

ನೀರಿನ ಪರೀಕ್ಷೆ ಸುಲಭ. ಎಸಿ ಆರಿಸಿ, ಫಿಲ್ಟರ್ ತೆಗೆದು, ಕಾಯಿಲ್ ಕೆಳಗಿನ ತಟ್ಟೆಗೆ ಒಂದು ಲೋಟ ನೀರು ನಿಧಾನ ಹೊಯ್ದರೆ ಹೊರಗಿನ ಪೈಪಿನಿಂದ ಇಳಿಯಬೇಕು. ಇಳಿಯದಿದ್ದರೆ ಲೋಳೆ ಕಟ್ಟಿದೆ. ಒಣಹವೆಯ ಫೆಬ್ರುವರಿಯಲ್ಲಿ ಗೊತ್ತಾಗದ ಈ ದೋಷ ಮೇ ತಿಂಗಳಲ್ಲಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಶಬ್ದಕ್ಕೂ ಕಿವಿಗೊಡಿ. ಹೊರಗಿನ ಯೂನಿಟ್ ಗುಂಯ್‌ಗುಟ್ಟಿ, ಶುರುವಾಗದೆ ಟಕ್ ಎಂದು ನಿಂತರೆ ಒಂದೇ ವೇಗದ ಎಸಿಯಲ್ಲಿ ಅನುಮಾನ ಕೆಪಾಸಿಟರ್ ಮೇಲೆ. ಬಿಡಿಭಾಗ ಅಗ್ಗದ್ದೇ, ಆದರೆ ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ. ನೀವು ಮುಟ್ಟುವ ವಸ್ತುವಲ್ಲ. ರಾತ್ರಿ ಎಂಟರ ಹೊತ್ತಿಗೆ ವೋಲ್ಟೇಜ್ 200ಕ್ಕಿಂತ ಕೆಳಗಿಳಿಯುವ ಬಡಾವಣೆಯಾದರೆ ಎಸ್ಕಾಂಗೆ ದೂರು, ಇಲ್ಲವೇ ಸ್ಟೆಬಿಲೈಜರ್.

ವಾರ್ಷಿಕ ನಿರ್ವಹಣಾ ಒಪ್ಪಂದ ಇರುವಾಗ ಇಷ್ಟೆಲ್ಲ ಯಾಕೆ ಅನ್ನುವವರಿಗೆ ಉತ್ತರ: ಒಪ್ಪಂದದಡಿ ಬಂದವರು ತೊಳೆದು ಹೋಗುತ್ತಾರೆ, ಅಳೆದು ಹೋಗುವವರು ವಿರಳ. ತೊಳೆಯುವ ಮೊದಲಿನ, ಆಮೇಲಿನ ಅಂತರ ನಿಮ್ಮ ಬಳಿ ಬರೆದಿಟ್ಟಿದ್ದರೆ ಕೆಲಸ ಎಷ್ಟು ಫಲಿಸಿತು ಎಂದು ನೀವೇ ಹೇಳಬಹುದು. ಗ್ಯಾಸ್ ಸೋರಿದ್ದೇ ನಿಜವಾದರೆ ಕೇಳಬೇಕಾದ್ದು ನಾಲ್ಕು: ನೈಟ್ರೋಜನ್ ಒತ್ತಡ ಕೊಟ್ಟು ಸಾಬೂನು ನೀರಿನಲ್ಲಿ ಸೋರುವ ಜಾಗ ತೋರಿಸುವುದು, ಅದನ್ನು ಮುಚ್ಚುವುದು, ಪಂಪ್ ಹಾಕಿ ನಿರ್ವಾತ ಮಾಡುವುದು, ಫಲಕದಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬುವುದು. ಹೊಸ ಯಂತ್ರಗಳ ಆರ್-32 ಮಂದವಾಗಿ, ಆರ್-290 ಜೋರಾಗಿ ಹೊತ್ತಿಕೊಳ್ಳಬಲ್ಲ ಗ್ಯಾಸ್‌ಗಳು; ತಕ್ಕಡಿಯಿಲ್ಲದೆ, ಕಿಟಕಿ ತೆರೆಯದೆ ಕೆಲಸಕ್ಕಿಳಿಯುವವರನ್ನು ಬಾಗಿಲಲ್ಲೇ ಕಳಿಸುವುದು ಒಳ್ಳೆಯದು. ಫಲಕದಲ್ಲಿ ಆರ್-22 ಎಂದಿದ್ದರೆ ಲೆಕ್ಕವೇ ಬೇರೆ. ಓಝೋನ್ ಪದರಕ್ಕೆ ಕುತ್ತಾದ ಆ ಬಗೆಯ ಗ್ಯಾಸ್‌ಗಳನ್ನು ಮಾಂಟ್ರಿಯಲ್ ಒಪ್ಪಂದದಂತೆ ಭಾರತ 2030ರ ಹೊತ್ತಿಗೆ ಬಹುತೇಕ ಕೈಬಿಡಬೇಕಿದೆ. ಅಂಥ ಯಂತ್ರದ ಕಾಯಿಲ್ ಸೋರುತ್ತಿದ್ದರೆ ರಿಪೇರಿಯ ಹಣವನ್ನು ಹೊಸದರ ಮುಂಗಡ ಎಂದುಕೊಳ್ಳಿ. ಅದಕ್ಕಿಂತ ಹೊಸ ಎಸಿಯಾದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಬೀರುವಿನಲ್ಲಿ ಬಿಲ್ ಹುಡುಕಿ. ಕಂಪ್ರೆಸರ್‌ಗೆ 10 ವರ್ಷದ ವಾರಂಟಿ ಕೊಡುವ ಕಂಪನಿಗಳು ಈಗ ಹಲವು.