ಕರ್ಕಶ ದನಿಯ ಒಂದು ಕಿರುಮುದ್ರಿಕೆ

ಒಂದೇ ಬಾಡಿಗೆ ಕೋಣೆಯಲ್ಲಿ ಮೂವರು ನಾಲ್ವರು ಕೂಡಿ ಬಾಳುವ ಮಣಿಕೊಂಡದಂಥ ಕಡೆ ಒಬ್ಬರ ಸಂಗೀತ ಮತ್ತೊಬ್ಬರಿಗೆ ಗದ್ದಲವಾಗುವುದು ಸಹಜ. ಪಾಶ್ಚಾತ್ಯರ ರಾಕ್ ಸಂಗೀತದ ಮೇಲೆ ಈ ದೂರು ಹೆಚ್ಚು. ಆ ಗದ್ದಲಕ್ಕೆ ಅರ್ಥವೇನಾದರೂ ಉಂಟೆ? ಒಂದು ಕಿರುಮುದ್ರಿಕೆಯನ್ನು ಉದಾಹರಣೆಯಾಗಿಟ್ಟುಕೊಂಡು ವಿಚಾರಿಸೋಣ.

ಕಿರುಮುದ್ರಿಕೆ ಎಂದರೆ ಇ.ಪಿ. ನಿಮಿಷಕ್ಕೆ 45 ಸುತ್ತು ತಿರುಗುವ 7 ಅಂಗುಲದ ತಟ್ಟೆಯಲ್ಲಿ ಸಾಮಾನ್ಯವಾಗಿ ನಾಲ್ಕು ಹಾಡುಗಳಿರುತ್ತಿದ್ದವು. ಕನ್ನಡ ಚಿತ್ರಗೀತೆಗಳೂ ಹಾಗೆ ಬಂದುದನ್ನು ಹಿರಿಯರು ಬಲ್ಲರು. ತಟ್ಟೆಯ ಬಳಕೆ ಕಡಿಮೆಯಾದ ಮೇಲೂ ಹೆಸರು ಉಳಿಯಿತು. ಪೂರ್ಣ ಸಂಪುಟಕ್ಕಿಂತ ಚಿಕ್ಕದಾದ್ದರಿಂದ ಹೊಸ ದನಿಯೊಂದನ್ನು ಪರೀಕ್ಷಿಸಿ ನೋಡಲು ಅದು ಅನುಕೂಲ.

ಅಮೆರಿಕದ 'ನೈನ್ ಇಂಚ್ ನೇಲ್ಸ್' ತಂಡದ ಜೀವಾಳ ಟ್ರೆಂಟ್ ರೆಜ್ನರ್. 1989ರಲ್ಲಿ ಬಂದ ಇವರ ಮೊದಲ ಸಂಪುಟ 'ಪ್ರೆಟಿ ಹೇಟ್ ಮಷೀನ್'ನಲ್ಲಿ ಸಿಂಥಸೈಜರ್ ಮತ್ತು ಯಂತ್ರದ ತಾಳಗಳೇ ಪ್ರಧಾನ. ಅದಕ್ಕೆ ಮನ್ನಣೆ ದೊರೆಯಿತು. ಆದರೆ ಕರಾರು ಮಾಡಿಕೊಂಡಿದ್ದ ಕಂಪನಿಯೊಡನೆ ಮನಸ್ತಾಪ ಬೆಳೆಯಿತು. ಕಂಪನಿ ತಮ್ಮ ಕೆಲಸದಲ್ಲಿ ಕೈಹಾಕಬಾರದೆಂದು ರೆಜ್ನರ್ ಗುಟ್ಟಾಗಿ ಧ್ವನಿಮುದ್ರಣ ನಡೆಸಿದರು. ಕೊನೆಗೆ ಬೇರೊಂದು ಕಂಪನಿಯ ಏರ್ಪಾಟಿನಲ್ಲಿ 1992ರ ಸೆಪ್ಟೆಂಬರಿನಲ್ಲಿ 'ಬ್ರೋಕನ್' ಎಂಬ ಕಿರುಮುದ್ರಿಕೆ ಹೊರಬಂತು. ಸುಮಾರು ಅರ್ಧ ಗಂಟೆಯ ಈ ಮುದ್ರಿಕೆಯಲ್ಲಿ ಮುಂದೆ ನಿಂತದ್ದು ಗಿಟಾರಿನ ಗರ್ಜನೆ. ಇದರ 'ವಿಶ್' ಹಾಡಿಗೆ 1993ರಲ್ಲಿ ಗ್ರಾಮಿ ಪ್ರಶಸ್ತಿ ಬಂತು.

ಈ ಗರ್ಜನೆ ಹುಟ್ಟುವುದು ಹೇಗೆ? ಗಿಟಾರಿನ ದನಿಯನ್ನು ಆಂಪ್ಲಿಫೈಯರ್ ತಾಳಲಾರದಷ್ಟು ಏರಿಸಿದರೆ ಧ್ವನಿಯ ಅಲೆಗಳ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆಗ ಮೂಲದಲ್ಲಿಲ್ಲದ ಉಪಸ್ವರಗಳು ಸೇರಿ ದನಿ ಒರಟಾಗುತ್ತದೆ. ಗಣೇಶನ ಪೆಂಡಾಲಿನಲ್ಲಿ ಮೈಕಿನ ದನಿಯನ್ನು ಅತಿಯಾಗಿ ಏರಿಸಿದಾಗ ಕೇಳುವ ಗೊರಗೊರ ಸದ್ದೂ ಇದೇ ಜಾತಿಯದು. ಅಲ್ಲಿ ಅದು ದೋಷ. ಇಲ್ಲಿ ಬೇಕೆಂದೇ ಅಳೆದು ಬಳಸಿದ ಸಾಧನ.

ನಮಗೂ ಇದು ತೀರ ಹೊಸತಲ್ಲ. ಯಕ್ಷಗಾನದಲ್ಲಿ ಯುದ್ಧದ ಸನ್ನಿವೇಶ ಬಂದಾಗ ಚೆಂಡೆ ಮೊರೆಯುತ್ತದೆ. ಆ ಸದ್ದಿಲ್ಲದೆ ರೌದ್ರಕ್ಕೆ ಕಳೆಯಿಲ್ಲ. ಆದರೆ ರಾತ್ರಿಯಿಡೀ ಚೆಂಡೆಯೊಂದೇ ಆದರೆ ಆಟ ಸಾಗದು. ರೆಜ್ನರ್ ಅವರ 1994ರ ಸಂಪುಟ 'ದ ಡೌನ್‌ವರ್ಡ್ ಸ್ಪೈರಲ್'ನಲ್ಲಿಯೂ ಕರ್ಕಶ ಹಾಡುಗಳ ಕೊನೆಗೆ 'ಹರ್ಟ್' ಎಂಬುದು ಮೆಲುದನಿಯಲ್ಲಿ ಆರಂಭವಾಗುತ್ತದೆ. ಮುಂದೆ 2002ರಲ್ಲಿ ಹಿರಿಯ ಗಾಯಕ ಜಾನಿ ಕ್ಯಾಶ್ ಅದನ್ನು ತಮ್ಮ ರೀತಿಯಲ್ಲಿ ಹಾಡಿದರು.

ದುಡಿಮೆ ಒಬ್ಬರದು, ಅಧಿಕಾರ ಇನ್ನೊಬ್ಬರದು ಎಂದಾಗ ಏಳುವ ಸಿಟ್ಟನ್ನು ದುಡಿದು ಬಾಳುವ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಅದನ್ನು ಬೈಗುಳಾಗಿ ಚೆಲ್ಲಿಬಿಡದೆ ಕೆಲಸಕ್ಕೆ ಹಚ್ಚುವುದೇ ಕಷ್ಟದ ವಿದ್ಯೆ. ಆಸಕ್ತರು 1989ರ ಸಂಪುಟವನ್ನು ಮೊದಲು, 1992ರ ಕಿರುಮುದ್ರಿಕೆಯನ್ನು ಅನಂತರ ಕೇಳಲಿ. ಮೆಚ್ಚಲೇಬೇಕೆಂದಿಲ್ಲ, ಸಿಟ್ಟು ಎಲ್ಲಿ ಸ್ವರವಾಯಿತೆಂಬುದನ್ನು ಗುರುತಿಸಿದರೆ ಸಾಕು.