ಮುಗ್ಗಿದ ಕಡ್ಲೆಬೀಜ ಮತ್ತು ಮೈಸೂರಿನ ವಿಜ್ಞಾನಿಗಳು

ನಂಜನಗೂಡಿನ ಜಾತ್ರೆಗೆ ಹೋದರೂ ಟಿ. ನರಸೀಪುರದ ಸಂತೆಗೆ ಹೋದರೂ ಒಂದು ಪೊಟ್ಟಣ ಕಡ್ಲೆಕಾಯಿ ತಿನ್ನದೆ ಬರುವವರು ಕಡಿಮೆ. ನಡುವೆ ಒಂದೊಂದು ಬೀಜ ಕಹಿ ಇರುತ್ತೆ. ಥೂ ಅಂತ ಉಗುಳಿಬಿಡುತ್ತೇವೆ. ಹಾಗೆ ಉಗುಳುವುದು ಎಷ್ಟು ಒಳ್ಳೆಯದೆಂದು ವಿಜ್ಞಾನಿಗಳಿಗೆ ತಿಳಿದದ್ದು 1960ರ ನಂತರ.

ಆ ವರ್ಷ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗವೆಂದು ಗೊತ್ತಾಗದೆ ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಕೊನೆಗೆ ಕಾರಣ ಸಿಕ್ಕಿದ್ದು ಕೋಳಿಗಳಿಗೆ ಹಾಕುತ್ತಿದ್ದ ಆಹಾರದಲ್ಲಿ. ಬ್ರೆಜಿಲ್‌ನಿಂದ ತರಿಸಿದ ಕಡ್ಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆ ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಅದರಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ನೇರಳಾತೀತ ಬೆಳಕಿನಲ್ಲಿ ಒಂದು ಬಗೆ ನೀಲಿಯಾಗಿ, ಇನ್ನೊಂದು ಹಸಿರಾಗಿ ಹೊಳೆಯುತ್ತದೆ. ಬೂಷ್ಟನ್ನು ಒರೆಸಿದರೂ ವಿಷ ಕಾಳಿನೊಳಗೇ ಉಳಿಯುತ್ತದೆ. ಬೇಯಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ.

ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಗೆ ಇದು ದೊಡ್ಡ ಚಿಂತೆಯ ವಿಷಯ. ಯಾಕೆ ಗೊತ್ತಾ? 1950ರಲ್ಲಿ ಆರಂಭವಾದ ಈ ಸಂಸ್ಥೆಯ ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ಹಾಲು ಕೊಳ್ಳಲಾಗದ ಬಡಮಕ್ಕಳಿಗೆ ಪ್ರೋಟೀನ್ ಸಿಗಲೆಂದು ಇಲ್ಲಿ ಮುಕ್ಕಾಲು ಪಾಲು ಕಡ್ಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು ಬೆರೆಸಿ ಒಂದು ಆಹಾರ ತಯಾರಿಸಿದ್ದರು. ಎಣ್ಣೆ ತೆಗೆದ ಕಡ್ಲೆಕಾಯಿ ಹಿಟ್ಟಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರೋಟೀನೇ ಇದೆ. ಅಂಥ ಹಿಟ್ಟಿನಲ್ಲೇ ವಿಷವಿದ್ದರೆ ಏನು ಗತಿ?

ಇದಕ್ಕೆ ದಾರಿ ಹುಡುಕಿದವರಲ್ಲಿ ಅಲ್ಲಿನ ವಿಜ್ಞಾನಿ ವಿ. ಶ್ರೀನಿವಾಸಮೂರ್ತಿ ಒಬ್ಬರು. 1967ರಲ್ಲಿ ಅವರು, ಆಗಿನ ನಿರ್ದೇಶಕ ಎಚ್.ಎ.ಬಿ. ಪಾರ್ಪಿಯಾ ಮತ್ತು ಸಂಗಡಿಗರು ಒಂದು ವಿಧಾನ ಪ್ರಕಟಿಸಿದರು. ಹಿಟ್ಟಿನ ಪ್ರೋಟೀನನ್ನು ಕ್ಷಾರದ ನೀರಿನಲ್ಲಿ ಕರಗಿಸಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕಾಯಿಸುವುದು. ಹೈಡ್ರೋಜನ್ ಪೆರಾಕ್ಸೈಡಿನ ಅಣುವಿನಲ್ಲಿ ನೀರಿಗಿಂತ ಒಂದು ಆಮ್ಲಜನಕ ಪರಮಾಣು ಹೆಚ್ಚಿಗೆ ಇದೆ. ಅದು ವಿಷದ ಬಹುಪಾಲನ್ನು ಕೆಡಿಸಿಬಿಡುತ್ತದೆ.

ಆದರೆ ವಿಷ ಅಷ್ಟರಲ್ಲಿ ಮಕ್ಕಳನ್ನೂ ಮುಟ್ಟಿತ್ತು. ಅಪೌಷ್ಟಿಕತೆಯಿಂದ ನರಳುತ್ತಿದ್ದ ಪುಟ್ಟ ಮಕ್ಕಳಿಗೆ ಚೇತರಿಸಿಕೊಳ್ಳಲೆಂದು ಕಡ್ಲೆಕಾಯಿ ಹಿಟ್ಟು ಕೊಡಲಾಗಿತ್ತು. ಅದರಲ್ಲಿ ಅಫ್ಲಾಟಾಕ್ಸಿನ್ ಇತ್ತೆಂದು ಗೊತ್ತಾದದ್ದು ಆಮೇಲೆ: ಕಿಲೋಗೆ ಸುಮಾರು 300 ಮೈಕ್ರೋಗ್ರಾಂ. ನಮ್ಮ ದೇಶದ ಈಗಿನ ಮಿತಿ 15 ಮೈಕ್ರೋಗ್ರಾಂ. ಮಕ್ಕಳ ಪಿತ್ತಜನಕಾಂಗ, ಅಂದರೆ ಲಿವರ್, ಊದಿಕೊಂಡು ಕೆಲವರಲ್ಲಿ ಗಟ್ಟಿಯಾಗಿಬಿಟ್ಟಿತು. ಡಾ. ಅಮ್ಲಾ ಅವರೊಂದಿಗೆ ಶ್ರೀನಿವಾಸಮೂರ್ತಿ, ಪಾರ್ಪಿಯಾ ಮೊದಲಾದವರು 1971ರಲ್ಲಿ ಇದನ್ನು ಅಮೆರಿಕದ ಪತ್ರಿಕೆಯೊಂದರಲ್ಲಿ ತಮ್ಮ ಹೆಸರು ಹಾಕಿಯೇ ಬರೆದರು. ಹೊಸ ವಿಧಾನ ಕಂಡುಹಿಡಿದದ್ದಕ್ಕಿಂತ, ಆದ ಅನಾಹುತವನ್ನು ಮುಚ್ಚಿಡದೆ ಜಗತ್ತಿಗೆ ಹೇಳಿದ್ದೇ ದೊಡ್ಡದು ಅಂತ ನನಗನ್ನಿಸುತ್ತೆ.

1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು 106 ಜನ ಸತ್ತರು. ಅದೇ ಊಟ ತಿಂದ ನಾಯಿಗಳೂ ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿಯವರ ತಂಡ ಅದನ್ನು ಪತ್ತೆಹಚ್ಚಿತು.

ಇದು ಒಮ್ಮೆಗೇ ಹೆಚ್ಚು ತಿಂದವರ ಕಥೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋದರೆ ಆಗುವ ಕೆಡುಕು ಬೇರೆ. ಲಿವರ್ ಈ ವಿಷವನ್ನು ಹೊರಹಾಕಲು ಹೋಗಿ ಅದನ್ನು ಇನ್ನೂ ಚುರುಕಾದ ವಸ್ತುವಾಗಿ ಮಾರ್ಪಡಿಸುತ್ತದೆ. ಆ ವಸ್ತು ಜೀವಕೋಶದ ಡಿ.ಎನ್.ಎ.ಗೆ ಅಂಟಿಕೊಳ್ಳುತ್ತದೆ. ಕೋಶದ ಬರವಣಿಗೆ ತಪ್ಪುತ್ತದೆ, ಮುಂದೆ ಕ್ಯಾನ್ಸರ್ ಆಗಬಹುದು. ಹೆಪಟೈಟಿಸ್ ಬಿ ಕಾಮಾಲೆ ಇದ್ದವರಿಗೆ ಅಪಾಯ ಬಹಳ ಹೆಚ್ಚು. 1987ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಬೂಷ್ಟಿಗೆ ಬೇಕಾದ್ದು ತೇವ ಮತ್ತು ಸೆಕೆ. ಕಿತ್ತ ಕಾಯನ್ನು ಒದ್ದೆಯಾಗಿಯೇ ಗೋಣಿಚೀಲಕ್ಕೆ ತುಂಬಿದರೆ ಎರಡೂ ಸಿಕ್ಕಂತೆ. ಬಿಸಿಲಲ್ಲಿ ತೆಳ್ಳಗೆ ಹರಡಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವವರೆಗೆ ಒಣಗಿಸಬೇಕು. ಅಮ್ಮಂದಿರು ಮೊರದಲ್ಲಿ ಸುರುಟಿದ್ದು, ಕಪ್ಪಾದದ್ದು, ಮುಗ್ಗಿದ್ದನ್ನು ಆರಿಸಿ ತೆಗೆಯುತ್ತಾರಲ್ಲ, ವಿಷದ ಹೆಚ್ಚು ಪಾಲು ಇರುವುದು ಅಂಥ ಬೀಜಗಳಲ್ಲೇ. ಅದನ್ನು ದನಕ್ಕೂ ಹಾಕಬಾರದು. ಬೂಷ್ಟು ಹಿಡಿದ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಆ ವಿಷ ಅಫ್ಲಾಟಾಕ್ಸಿನ್ ಎಂ-1 ಎಂಬ ಇನ್ನೊಂದು ರೂಪದಲ್ಲಿ ಬರುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ.