ಸ್ಮಾರ್ಟ್ ಕನ್ನಡಕ ಈಗಲೇ ಕೊಳ್ಳಬೇಕೆ?

ಮುಂಬೈಯ ಬೈಕುಲ್ಲಾದಲ್ಲಿ ಹೊಸ ಕೆಲಸ, ಮರಾಠಿ ಫಲಕಗಳ ಮೇಲೆ ಕನ್ನಡ ಮೂಡಿದರೆ ಎಷ್ಟು ಅನುಕೂಲ ಎಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಈಗ ಕೊಳ್ಳಬೇಡಿ.

2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದ ರೇ-ಬ್ಯಾನ್ ಮೆಟಾ ಕನ್ನಡಕಕ್ಕೆ ಆಗ 29,900 ರೂಪಾಯಿಯಿಂದ ಬೆಲೆ ಶುರುವಾಗಿತ್ತು. ಕ್ಯಾಮೆರಾ, ಮೈಕು, ಸ್ಪೀಕರು ಇವೆ. ಆದರೆ ಗಾಜಿನಲ್ಲಿ ಪರದೆಯೇ ಇಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಂದ ಮೆಟಾ ರೇ-ಬ್ಯಾನ್ ಡಿಸ್‌ಪ್ಲೇಗೆ ಆಗ 799 ಡಾಲರ್ ಬೆಲೆಯಿತ್ತು. ಪರದೆ ಬಲಗಣ್ಣಿಗೆ ಮಾತ್ರ, ನೋಟದ ಹರವು 20 ಡಿಗ್ರಿ. ಮುಖ್ಯ ಸಂಗತಿಯೆಂದರೆ, ಅದಕ್ಕೆ ಮೈನಸ್ ನಾಲ್ಕರಿಂದ ಪ್ಲಸ್ ನಾಲ್ಕರವರೆಗಿನ ಪವರ್ ಮಾತ್ರ ಸಿಗುತ್ತದೆ. ನಿಮ್ಮದು ಮೈನಸ್ ಆರು! ಕಾಂಟ್ಯಾಕ್ಟ್ ಲೆನ್ಸ್ ಇಲ್ಲದೆ ಅದು ನಿಮಗೆ ಒಗ್ಗದು.

ಮುಂಬೈಯದೇ ಆದ ರಿಲಯನ್ಸ್ 2020ರ ಜುಲೈನಲ್ಲಿ 75 ಗ್ರಾಂ ತೂಕದ ಜಿಯೋ ಗ್ಲಾಸ್ ತೋರಿಸಿತ್ತು. ಅದನ್ನು ಫೋನಿಗೆ ತಂತಿಯಿಂದ ಜೋಡಿಸಬೇಕಿತ್ತು. ಬ್ಯಾಟರಿ, ಬಿಸಿ, ತೂಕ ಈ ಮೂರೂ ತೊಡಕು ಒಟ್ಟಿಗೆ ಬಗೆಹರಿಯದೆ ಇಂಥ ಕನ್ನಡಕ ದಿನಬಳಕೆಗೆ ಬರುವುದಿಲ್ಲ. ಆ ದಿನ ಬರುತ್ತದೆಂಬ ನಂಬಿಕೆ ನನಗಿದೆ, ಆದರೆ ಅವಸರ ಬೇಡ.

ಇನ್ನೊಂದು ಮಾತು. ಕಿಕ್ಕಿರಿದ ಲೋಕಲ್ ರೈಲಿನಲ್ಲಿ ಎದುರಿನವರಿಗೆ ನಿಮ್ಮ ಕಣ್ಣಿನ ಕ್ಯಾಮೆರಾ ಕಿರುಕುಳ. ಕನ್ನಡಕದ ರೆಕಾರ್ಡಿಂಗ್ ದೀಪ ಆ ನೂಕುನುಗ್ಗಲಲ್ಲಿ ಯಾರಿಗೆ ಕಂಡೀತು?

ಸದ್ಯಕ್ಕೆ ಫಲಕಗಳ ಅನುವಾದಕ್ಕೆ ಫೋನಿನ ಗೂಗಲ್ ಲೆನ್ಸ್ ಸಾಕು. ಭಾನುವಾರ ಬೈಕುಲ್ಲಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿನ ಮರಾಠಿ ಫಲಕಗಳ ಮೇಲೆ ಅದನ್ನು ಹಿಡಿದು ನೋಡಿ. ಉಳಿದ ದುಡ್ಡಿನಲ್ಲಿ ಮೊದಲು ಕಣ್ಣು ಪರೀಕ್ಷೆ ಮಾಡಿಸಿ, ತೆಳುವಾದ ಒಳ್ಳೆಯ ಲೆನ್ಸ್ ಹಾಕಿಸಿಕೊಳ್ಳಿ.